ಪ್ರತಿಕ್ರಿಯೆ: ಆಗಸ್ಟ್ ಕೊನೆಯಲ್ಲಿ ಮೈಸೂರಿನ ಕೆರೆಯಲ್ಲಿ ಕಂಡ ಫ್ಯಾಲರೋಪ್ ಇ-ಬರ್ಡ್ ನಕ್ಷೆಯಲ್ಲಿ ಯಾಕಿಲ್ಲ?

ಇ-ಬರ್ಡ್‌ಗೆ (ಹಕ್ಕಿ ನೋಡಿದವರು ದಾಖಲೆ ಸೇರಿಸುವ ಜಾಲತಾಣ) ನೀವು ಹಾಕಿದ ದಾಖಲೆ ಅಳಿಸಿಹೋಗಿಲ್ಲ, ಬಹುಶಃ ಪರಿಶೀಲನೆಗೆ ನಿಂತಿದೆ. ಕೆಂಪು ಕತ್ತಿನ ಫ್ಯಾಲರೋಪ್ ಚಳಿಗಾಲವನ್ನು ಅರಬ್ಬೀ ಸಮುದ್ರದಲ್ಲಿ ಕಳೆಯುವ, ಈಜುವ ಸಣ್ಣ ಹಕ್ಕಿ. ಒಳನಾಡಿನ ಕೆರೆಯಲ್ಲಿ ಕಂಡಿತು ಎಂದು ಹಾಕಿದರೆ ಫಿಲ್ಟರ್ (ಆ ಜಾಗಕ್ಕೆ ಅಪರೂಪದ ದಾಖಲೆಗಳನ್ನು ಗುರುತಿಸುವ ವ್ಯವಸ್ಥೆ) ತಡೆಯುತ್ತದೆ. ನಿಮ್ಮ ಸ್ವಂತ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ, ವಿಮರ್ಶಕರು ಒಪ್ಪಿದ ಮೇಲೆ ನಕ್ಷೆಗೆ ಬರುತ್ತದೆ.

ಮೊದಲು ಗುರುತು ಗಟ್ಟಿ ಮಾಡಿಕೊಳ್ಳಿ. ‘ಈಜುತ್ತಿತ್ತು’ ಎನ್ನುವುದೊಂದೇ ಸಾಲದು, ಮಾರ್ಷ್ ಸ್ಯಾಂಡ್‌ಪೈಪರ್ ಎಂಬ ನೀರಂಚಿನ ಹಕ್ಕಿ ಕೂಡ ಒಮ್ಮೊಮ್ಮೆ ಈಜುತ್ತದೆ, ಕೊಕ್ಕೂ ಸೂಜಿಯಂತೆಯೇ ಇರುತ್ತದೆ. ನೀವು ಹಾಕಿದ ಫೋಟೋದಲ್ಲಿ ಕಾಲು ನೀರಿನಡಿ ಇದೆ, ಬೆಳಕೂ ಎದುರಿಗಿದೆ. ಅದೊಂದರಿಂದ ನಾನು ಖಚಿತವಾಗಿ ಹೇಳಲಾರೆ. ಉಳಿದ ಫ್ರೇಮುಗಳಲ್ಲಿ ಕಣ್ಣಿನ ಹಿಂದೆ ಕಪ್ಪು ಮಚ್ಚೆ, ಬೆನ್ನ ಮೇಲೆ ಹೊಂಬಣ್ಣದ ಗೆರೆಗಳಿವೆಯೇ ನೋಡಿ (ಈ ಗೆರೆಗಳು ಮರಿಹಕ್ಕಿಗಳಲ್ಲಿ ಎದ್ದು ಕಾಣುತ್ತವೆ, ಆಗಸ್ಟ್ ಕೊನೆಯಲ್ಲಿ ಅವೂ ಬರುತ್ತವೆ). ಹಾರುವ ಚಿತ್ರವಿದ್ದರೆ ಇನ್ನೂ ಒಳ್ಳೆಯದು: ಫ್ಯಾಲರೋಪಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ ಇರುತ್ತದೆ; ಮಾರ್ಷ್‌ನದಕ್ಕೆ ಪಟ್ಟಿ ಇಲ್ಲ, ಬೆನ್ನಿನ ತನಕ ಬಿಳಿ ಏರಿರುತ್ತದೆ.

ಆಮೇಲೆ ಇ-ಬರ್ಡ್‌ನಲ್ಲಿ ನಿಮ್ಮ ಪಟ್ಟಿಯನ್ನು ತಿದ್ದಿ. ಆ ಹಕ್ಕಿಯ ಟಿಪ್ಪಣಿಯಲ್ಲಿ ದೂರ, ಬೆಳಕು, ಎಷ್ಟು ಹೊತ್ತು ನೋಡಿದಿರಿ, ಮಾರ್ಷ್ ಅಲ್ಲ ಎಂದು ಹೇಗೆ ತೀರ್ಮಾನಿಸಿದಿರಿ ಎಂದು ಬರೆಯಿರಿ. ‘ಚೆನ್ನಾಗಿ ನೋಡಿದೆ’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಮಸುಕಾಗಿದ್ದರೂ ಹಾರುವ ಫ್ರೇಮ್ ಹಾಕಿ, ಆದರೆ ಶಾರ್ಪನ್ ಮಾಡಬೇಡಿ. ಕ್ಯಾಮೆರಾದ ದಿನಾಂಕ, ನಕ್ಷೆಯ ಗುರುತು ಎರಡೂ ಸರಿಯಿರಲಿ. ವಿಮರ್ಶಕರು ಸ್ವಯಂಸೇವಕರು, ತಡವಾಗಬಹುದು. ಇಮೇಲ್ ಬಂದರೆ ಉತ್ತರಿಸಿ.