ಮೆಣಸು ಕೊಯ್ಯುವಾಗ ಏಣಿ ವಿದ್ಯುತ್ ತಂತಿಗೆ ತಗುಲಿ ಆಗುವ ಸಾವು ತಡೆಯಲು ಕೊಡಗಿನ ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಜಾಗೃತಿ ಫಲಕ ಆಮೇಲಿರಲಿ, ಮೊದಲು ಏಣಿ ಬದಲಾಗಬೇಕು. ಅಪಾಯ ಹತ್ತುವಾಗ ಮಾತ್ರವಲ್ಲ. ಉದ್ದದ ಅಲ್ಯೂಮಿನಿಯಂ ಏಣಿಯನ್ನು ಮಡಚದೆ, ನೆಟ್ಟಗೆ ಹಿಡಿದೇ ಮೆಣಸಿನ ಬಳ್ಳಿ ಹಬ್ಬಿದ ಮುಂದಿನ ಸಿಲ್ವರ್ ಓಕ್ ಮರಕ್ಕೆ ಸಾಗಿಸುವಾಗಲೂ ಇದೆ. ಕಣ್ಣು ಬಳ್ಳಿಯ ಬುಡದಲ್ಲಿ, ಏಣಿಯ ತುದಿ 11 ಕೆವಿ (11,000 ವೋಲ್ಟ್) ತಂತಿಯ ಹತ್ತಿರ! ಕರೆಂಟ್ ಸುಲಭವಾಗಿ ಹರಿಯದ ಫೈಬರ್ ಏಣಿಗೆ ದುಡ್ಡು ಜಾಸ್ತಿ, ಭಾರವೂ ಹೌದು. ಹಾಗಾಗಿ ಸಹಕಾರ ಸಂಘ ಕೊಂಡು ಬಾಡಿಗೆಗೆ ಕೊಟ್ಟರೆ ಸಣ್ಣ ಬೆಳೆಗಾರರಿಗೂ ಎಟುಕುತ್ತದೆ. ಬಿದಿರಿನದ್ದು ಸಾಕೆನ್ನಬೇಡಿ, ಇಬ್ಬನಿಗೆ ನೆನೆದರೆ ಅದರಲ್ಲೂ ಕರೆಂಟ್ ಹರಿಯುತ್ತದೆ.

ಜನವರಿಗೆ ಮುಂಚೆ ಲೈನ್‌ಮನ್ ಜೊತೆ ತೋಟ ಸುತ್ತಿ. ತಂತಿಯಿಂದ ಒಂದು ಏಣಿಯುದ್ದದೊಳಗಿನ ಮರಗಳಿಗೆ ಕೆಂಪು ಬಣ್ಣ ಬಳಿಯಿರಿ. ಅಲ್ಲಿ ಲೈನ್ ಆಫ್ ಮಾಡಿಸದೆ ಕೊಯ್ಲು ಬೇಡ. ಜೋತುಬಿದ್ದ ತಂತಿಗೆ ಬಾಯಿಮಾತಿನ ದೂರು ದಂಡ. ಕಂಬದ ಸಂಖ್ಯೆ, ಫೋಟೋ, ಗ್ರಾಮಸಭೆಯ ನಿರ್ಣಯ ಲಗತ್ತಿಸಿ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾವಷ್ಟೇ ಅಲ್ಲ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ಜಾಗ, ಏಣಿಯ ಬಗೆ ಸಹಿತ ದಾಖಲಿಸಿದರೆ ಅರ್ಜಿಗೆ ತೂಕ ಬರುತ್ತದೆ.

ಅಸ್ಸಾಂ ಕಡೆಯ ಕಾರ್ಮಿಕರಿಗೆ ಕನ್ನಡದ ಕರಪತ್ರ ಉಪಯೋಗವಿಲ್ಲ, ಚಿತ್ರ ತೋರಿಸಿ. ಶಾಕ್ ಹೊಡೆದವರನ್ನು ಒಣಕೋಲಿನಿಂದ ತಳ್ಳುವ ಸಲಹೆ 11 ಕೆವಿಗೆ ನಡೆಯುವುದಿಲ್ಲ. ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಿ, 108ಕ್ಕೂ ತಿಳಿಸಿ.