ಓದುಗರ ಪ್ರಶ್ನೆ: ಚೆನ್ನಾಗಿ ಆಡುವವನನ್ನೇ ಬಿಟ್ಟುಕೊಡುವುದು ಯಾಕೆ?

ಪ್ರಶ್ನೆ: ನಾನು ಎನ್‌ಎಚ್‌ಎಲ್ (ಅಮೆರಿಕ, ಕೆನಡಾ ತಂಡಗಳ ವೃತ್ತಿಪರ ಲೀಗ್) ಐಸ್ ಹಾಕಿ ತಪ್ಪದೆ ನೋಡುತ್ತೇನೆ. ಅಲ್ಲಿ ತಂಡ ಕಟ್ಟುವ ಜನರಲ್ ಮ್ಯಾನೇಜರ್‌ಗಳು ಚೆನ್ನಾಗಿ ಆಡುವವರನ್ನೇ ಬೇರೆ ತಂಡಕ್ಕೆ ಕೊಟ್ಟು, ಹೆಸರೇ ಕೇಳದ ಹುಡುಗರನ್ನೂ ಡ್ರಾಫ್ಟ್ ಪಿಕ್‌ಗಳನ್ನೂ (ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು) ತರುತ್ತಾರೆ. ಹೀಗೆ ಮಾಡಿ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆಲ್ಲೋಕೆ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. ಒಬ್ಬ ಚೆನ್ನಾಗಿ ಆಡುತ್ತಾನಾ ಅನ್ನೋದನ್ನು ನಾವೂ ನೋಡಿ ಹೇಳಬಹುದು. ಮ್ಯಾನೇಜರ್ ಇನ್ನೂ ಎರಡು ವಿಷಯ ನೋಡಬೇಕು: ಅವನ ಒಪ್ಪಂದ ಯಾವಾಗ ಮುಗಿಯುತ್ತದೆ, ಇವತ್ತು ಅವನನ್ನು ಕೊಟ್ಟರೆ ಏನು ಸಿಗುತ್ತದೆ. ನ್ಯೂಯಾರ್ಕ್ ಐಲ್ಯಾಂಡರ್ಸ್ ನಾಯಕ ಜಾನ್ ಟವಾರೆಸ್ 2018ರಲ್ಲಿ ಒಪ್ಪಂದ ಮುಗಿದ ಕೂಡಲೇ ಟೊರಾಂಟೊ ಸೇರಿದರು. ಅದು ಅವರ ಹಕ್ಕು. ಆದರೆ ತಂಡಕ್ಕೆ ಬದಲಿಗೆ ಒಬ್ಬ ಆಟಗಾರನೂ ಬರಲಿಲ್ಲ, ಒಂದು ಪಿಕ್ಕೂ ಬರಲಿಲ್ಲ.

ಕೊಲೊರಾಡೊ ತಂಡ ಮಾಡಿದ್ದು ಬೇರೆ. 2016-17ರಲ್ಲಿ ಅವರು ಗಳಿಸಿದ್ದು ಬರೀ 48 ಅಂಕ, ಲೀಗ್‌ನಲ್ಲೇ ಕೊನೆಯ ಸ್ಥಾನ. ಅವರ ಆಟಗಾರ ಮ್ಯಾಟ್ ಡುಶೇನ್ ತಂಡ ಬಿಡಬೇಕು ಅಂತಿದ್ದರು. ಬಂದಷ್ಟು ಬರಲಿ ಅಂತ ಕೊಟ್ಟುಬಿಡೋದು ಸುಲಭವಿತ್ತು. ಜನರಲ್ ಮ್ಯಾನೇಜರ್ ಜೋ ಸಾಕಿಕ್ ಆತುರಪಡದೆ 2017ರ ನವೆಂಬರ್‌ವರೆಗೆ ಕಾದು, ಒಟ್ಟಾವ ಮತ್ತು ನ್ಯಾಶ್‌ವಿಲ್ ಸೇರಿದ ಮೂರು ತಂಡಗಳ ಟ್ರೇಡ್‌ನಲ್ಲಿ (ಆಟಗಾರರ ಅದಲುಬದಲು) ಆಟಗಾರ ಸ್ಯಾಮ್ಯುಯೆಲ್ ಗಿರಾರ್ಡ್, ಒಟ್ಟಾವದ ಮೊದಲ ಸುತ್ತಿನ ಪಿಕ್, ಜೊತೆಗೆ ಇನ್ನಷ್ಟು ಪಡೆದರು. ಮುಂದೆ ಒಟ್ಟಾವ ಲೀಗ್‌ನ ತಳ ಸೇರಿತು, ಕೆಳಗಿರುವ ತಂಡಗಳಿಗೆ ಆಯ್ಕೆಯ ಸರದಿ ಬೇಗ ಬರೋದರಿಂದ ಆ ಪಿಕ್‌ನಿಂದ 2019ರ ಡ್ರಾಫ್ಟ್‌ನಲ್ಲಿ 4ನೆಯವರಾಗಿ ಬೋವೆನ್ ಬೈರಮ್ ಸಿಕ್ಕರು, 2022ರಲ್ಲಿ ಕೊಲೊರಾಡೊ ಸ್ಟ್ಯಾನ್ಲಿ ಕಪ್ ಗೆದ್ದಾಗ ಬೈರಮ್ ತಂಡದಲ್ಲೇ ಇದ್ದರು. ಇದರಲ್ಲಿ ಅದೃಷ್ಟವೂ ಇದೆ, ಇಲ್ಲ ಅನ್ನೋಲ್ಲ. ಆದರೆ ಅದೃಷ್ಟ ಬರುವಾಗ ಪಿಕ್ ನಿಮ್ಮ ಕೈಯಲ್ಲಿರಬೇಕು, ಅಲ್ವಾ? ಸಾಕಿಕ್ ಅವರ ಆ ತಾಳ್ಮೆ ನನಗೆ ತುಂಬಾ ಇಷ್ಟ.

ಪ್ರಶ್ನೆ: ದುಡ್ಡಿರುವ ತಂಡ ಎಲ್ಲರನ್ನೂ ಉಳಿಸಿಕೊಳ್ಳಬಾರದಾ?

ಉತ್ತರ: ಆಗೋಲ್ಲ. 2005ರಿಂದ ಅಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಮೊದಲ ಸಲ ಅದು 39 ಮಿಲಿಯನ್ ಡಾಲರ್, 2024-25ಕ್ಕೆ 88 ಮಿಲಿಯನ್. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಸಂಬಳದ ಲೆಕ್ಕ ಅದರೊಳಗೇ ಕೂರಬೇಕು. ಹಾಗಾಗಿ ಕಡಿಮೆಗೆ ಸಿಕ್ಕವರೇ ತಂಡ ಎತ್ತುತ್ತಾರೆ. ಟ್ಯಾಂಪಾ ಬೇ 2020, 2021ರಲ್ಲಿ ಸತತ ಎರಡು ಕಪ್ ಗೆದ್ದಿತು. ಆ ತಂಡದ ನಿಕಿತಾ ಕುಚೆರೊವ್ ಡ್ರಾಫ್ಟ್‌ನಲ್ಲಿ 58ನೆಯವರು, ಬ್ರೇಡನ್ ಪಾಯಿಂಟ್ 79ನೆಯವರು, ಒಂಡ್ರೆಯ್ ಪಲಾಟ್ 208ನೆಯವರು! ಮೂವರನ್ನೂ ಆರಿಸಿದ್ದು ಸ್ಟೀವ್ ಐಸರ್‌ಮನ್ ಮ್ಯಾನೇಜರ್ ಆಗಿದ್ದಾಗ. ಕಪ್ ಬರುವ ಹೊತ್ತಿಗೆ ಅವರು ಆ ಕುರ್ಚಿ ಬಿಟ್ಟಾಗಿತ್ತು.

ಪ್ರಶ್ನೆ: ಹಾಗಾದರೆ ಪಿಕ್ ಕೂಡಿಡೋದೇ ಜಾಣತನವಾ?

ಉತ್ತರ: ಸುಮ್ನೆ ಕೂಡಿಟ್ಟರೆ ಏನೂ ಬರೋಲ್ಲ. ಖರ್ಚು ಮಾಡುವ ಧೈರ್ಯವೂ ಬೇಕು. 2022ರಲ್ಲಿ ಫ್ಲಾರಿಡಾದ ಜನರಲ್ ಮ್ಯಾನೇಜರ್ ಬಿಲ್ ಜಿಟೊ, ಆ ಸೀಸನ್‌ನಲ್ಲಿ 115 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿದ್ದ ಜೊನಾಥನ್ ಹ್ಯೂಬರ್ಡೊ, ಮೆಕೆಂಜಿ ವೀಗರ್, ಮೇಲೊಂದು ಮೊದಲ ಸುತ್ತಿನ ಪಿಕ್ ಎಲ್ಲ ಸೇರಿಸಿ ಕ್ಯಾಲ್ಗರಿಗೆ ಕೊಟ್ಟು ಮ್ಯಾಥ್ಯೂ ಕಚಕ್‌ರನ್ನು ತಂದರು. ಜಾಸ್ತಿ ಕೊಟ್ಟರು ಅಂತ ಅನ್ನಿಸೋದು ಸಹಜ. ಆದರೆ ಹ್ಯೂಬರ್ಡೊ, ವೀಗರ್ ಇಬ್ಬರ ಒಪ್ಪಂದದಲ್ಲೂ ಉಳಿದಿದ್ದು ಒಂದೇ ವರ್ಷ. 24ರ ಕಚಕ್ ಎಂಟು ವರ್ಷಕ್ಕೆ ಸಹಿ ಹಾಕಿದರು. 2024ರಲ್ಲೂ 2025ರಲ್ಲೂ ಕಪ್ ಫ್ಲಾರಿಡಾಕ್ಕೇ ಬಂತು.