ದಿನದ ದರ ಕೇಳಿ ಲೆಕ್ಕ ಹಾಕಬೇಡಿ

ಪ್ರಶ್ನೆ: ನಮ್ಮ ಅವ್ವನಿಗೆ ಲಕ್ವಾ ಹೊಡೆದು ಎಡಭಾಗ ಸ್ವಾಧೀನದಲ್ಲಿಲ್ಲ. ಬಾಯಿಂದಲೇ ಉಣ್ಣುತ್ತಾಳೆ, ಮೂತ್ರಕ್ಕೆ ಕ್ಯಾಥೆಟರ್ (ನಳಿಕೆ) ಇದೆ. ಈ ವಾರ ವಿಜಯಪುರದ ಆಸ್ಪತ್ರೆಯಿಂದ ಮನೆಗೆ ಕರೆತರಬೇಕು. ಏಜೆನ್ಸಿಯವರು ನರ್ಸ್‌ಗೆ ದಿನಕ್ಕೆ 1,500, ಆಯಾಗೆ 800 ರೂಪಾಯಿ ಹೇಳಿದ್ದಾರೆ. ಯಾರನ್ನು ಇಟ್ಟುಕೊಳ್ಳಲಿ? ತಿಂಗಳಿಗೆ ಎಷ್ಟಾಗಬಹುದು?
– ಓದುಗರು, ಇಂಡಿ

ಉತ್ತರ: ನಿಮ್ಮ ತಾಯಿಯವರಿಗೆ ದಿನವಿಡೀ ನರ್ಸ್ ಬೇಕಿಲ್ಲ. ಮೈ ಒರೆಸುವುದು, ಕೂರಿಸಿ ಉಣ್ಣಿಸುವುದು, ಮಗ್ಗುಲು ಬದಲಿಸುವುದು, ಯೂರಿನ್ ಬ್ಯಾಗ್ ಖಾಲಿ ಮಾಡುವುದು ತರಬೇತಾದ ಆಯಾ ಮಾಡುವ ಕೆಲಸ. ಕ್ಯಾಥೆಟರ್ ಬದಲಿಸುವ ದಿನಾಂಕವನ್ನು ಡಿಸ್ಚಾರ್ಜ್ ಕಾರ್ಡ್ ಮೇಲೆ ಬರೆಸಿಕೊಂಡು, ಆ ದಿನಕ್ಕಷ್ಟೇ ನರ್ಸ್ ಕರೆಸಿ. ಇದರಿಂದಲೇ ತಿಂಗಳಿಗೆ ಸುಮಾರು 20,000 ಉಳಿಯುತ್ತದೆ.

ಆ 800 ರೂಪಾಯಿ 12 ತಾಸಿಗೋ 24 ತಾಸಿಗೋ ಎಂದು ಮೊದಲು ಕೇಳಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸಬೇಕು, ರಾತ್ರಿಯೂ. ಒಬ್ಬಳೇ ಆಯಾ ಹಗಲು ದುಡಿದು ರಾತ್ರಿಯೂ ಎದ್ದಿರಲಾರಳು. ನಾಲ್ಕು ದಿನಕ್ಕೆ ಕೆಲಸ ಬಿಡುತ್ತಾಳೆ, ಇಲ್ಲವೇ ನಿದ್ದೆ ಹೋಗುತ್ತಾಳೆ. ಟೊಂಕದ ಕೆಳಗೆ, ಹಿಮ್ಮಡಿಗೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆದರೆ ದಿನವೂ ಡ್ರೆಸ್ಸಿಂಗ್ ಖರ್ಚು. ಏರ್‌ಬೆಡ್ ಬಾಡಿಗೆಗೆ ತನ್ನಿ, ಆದರೆ ಅದು ಹಾಕಿದರೂ ಹೊರಳಿಸುವುದು ತಪ್ಪದು. 800 ರೂಪಾಯಿ 12 ತಾಸಿನ ದರವಾದರೆ ತಿಂಗಳ ಲೆಕ್ಕ ಹೀಗೆ: ರಾತ್ರಿ ಮನೆಯವರೇ ಪಾಳಿ ಹಾಕಿಕೊಂಡರೆ ಆಯಾಳ ಪಗಾರ 24,000. ಎರಡು ಪಾಳಿಗೂ ಜನ ಬೇಕೆಂದರೆ 48,000.

ಹೊರಳಿಸುವಾಗ ಯೂರಿನ್ ಬ್ಯಾಗ್ ಅವರ ಮೈಮೇಲೆ ಹಾಯಿಸಬಾರದು. ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ, ಮತ್ತೆ ಆಸ್ಪತ್ರೆ. ಬ್ಯಾಗ್ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಆಯಾ ಬಂದ ಮೊದಲ ದಿನವೇ ಇದನ್ನು ನಿಂತು ನೋಡಿ.

ಕ್ಯಾಥೆಟರ್ ಇರುವುದರಿಂದ ಡೈಪರ್ ದಿನಕ್ಕೆ ಎರಡು ಸಾಕಾಗಬಹುದು, ತಿಂಗಳಿಗೆ 60. ಅಂಡರ್‌ಪ್ಯಾಡ್, ಗ್ಲೌಸ್, ಆಯಾಳ ಊಟ-ಚಹಾ ಬೇರೆ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ, ಆಯಾಳ ಪಗಾರಕ್ಕೆ ಬರುವುದಿಲ್ಲ.

ಏಜೆನ್ಸಿಗೆ ಅಡ್ವಾನ್ಸ್ ಕೊಡುವ ಮುಂಚೆ ಬರವಣಿಗೆಯಲ್ಲಿ ಪಡೆಯಿರಿ: ಆಯಾ ಬಿಟ್ಟರೆ ಎಷ್ಟು ದಿನದಲ್ಲಿ ಬದಲಿ, ಬದಲಿ ಸಿಗದ ದಿನಗಳ ಹಣ ವಾಪಸೋ, ಕಮಿಷನ್ ಒಮ್ಮೆಯೋ ಪ್ರತಿ ತಿಂಗಳೋ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆ ತಪ್ಪದು, ಆ ದಿನಗಳ ಬದಲಿಯನ್ನೂ ಈಗಲೇ ಬರೆಸಿ.

ಖರ್ಚಿನಲ್ಲಿ ಕೈ ಬಿಗಿ ಹಿಡಿಯುವುದಾದರೆ ಫಿಜಿಯೋಥೆರಪಿಯಲ್ಲಿ ಮಾತ್ರ ಬೇಡ. ಲಕ್ವಾದ ನಂತರ ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಹೆಚ್ಚು. ತಾಯಿಯವರು ತಾವೇ ಮಗ್ಗುಲಾಗುವಂತಾದರೆ ರಾತ್ರಿಯ ಆಯಾ ಬೇಕಾಗದು.